ಬೆಚ್ಚನೆಯ ನೆಲದಲ್ಲಿ ಮಲಗಿಸಿದ ಬಾಳೆ

"ಏಯ್! ನಿಲ್ಲಿಸಿ!"

ನಾರೇ ಚಪ್ಪಲಿ ಮೆಟ್ಟದೆ ಅಂಗಳಕ್ಕೆ ಓಡಿದಳು. ಹೊರಕೋಣೆಯ ಬಾಡಿಗೆದಾರ ಗಿತೇ, ಅವಳಮ್ಮ ನೆಟ್ಟ ಬಾಳೆಯ ಎಲೆಗಳನ್ನೆಲ್ಲ ಕಡಿದು, ಗೆಡ್ಡೆ ಸಮೇತ ಕಿತ್ತುಹಾಕಿದ್ದ!

"ಇಬ್ಬನಿ ಹೆಪ್ಪುಗಟ್ಟಿದೆ. ಇನ್ನು ನಮ್ಮ ಗ್ಯೋಂಗ್ಜು ಊರಿನ ಚಳೀಲಿ ಇದು ಹೊರಗೆ ಉಳಿಯಲ್ಲ. ನೆಲಮಾಳಿಗೇಲಿ ಮಲಗಿಸಿದ್ರೆ ವಸಂತಕ್ಕೆ ಏಳುತ್ತೆ. ನಿಮ್ಮಮ್ಮನೇ ಹೇಳ್ಕೊಟ್ಟಿದ್ದು."

"ಸಾಕ್ಷಿ ಹೇಳೋಕೆ ಅಮ್ಮ ಬರಲ್ವಲ್ಲ!"

ಅವನು ತಲೆ ತಗ್ಗಿಸಿ ಗೆಡ್ಡೆಯ ಮಣ್ಣು ಕೊಡವತೊಡಗಿದ. ಅದೇ ಅವಳಿಗೆ ಅನುಮಾನ ತಂದಿತು.

ಅಮ್ಮ ಬೇಸಿಗೆಯಲ್ಲಿ ತೀರಿಹೋಗಿದ್ದಳು. ಅವಳದೆನ್ನಲು ಜೀವವಿರುವುದು ಇದೊಂದೇ... ಓದು, ಕೆಲಸವೆಂದು ದೇಗು ನಗರದಲ್ಲೇ ಇದ್ದ ನಾರೇ, ಅಮ್ಮ ಚಳಿಗಾಲದಲ್ಲಿ ಇದನ್ನು ಕಾಯುತ್ತಿದ್ದ ರೀತಿಯನ್ನು ಒಮ್ಮೆಯೂ ನೋಡಿರಲಿಲ್ಲ.

ನೆಲಮಾಳಿಗೆಯಲ್ಲಿ ಕಿಮ್ಚಿ ಉಪ್ಪಿನಕಾಯಿಯ ಜಾಡಿಗಳ ಪಕ್ಕ, ನೀರಿಲ್ಲದೆ, ಚಾಪೆ ಸುತ್ತಿಕೊಂಡು ಹೆಣದಂತೆ ಬಿದ್ದಿತ್ತು ಬಾಳೆ.

'ಇವನು ಇದನ್ನು ಕೊಲ್ಲುತ್ತಿದ್ದಾನೆ!'

ಅವನು ಕೆಲಸಕ್ಕೆ ಹೋದಾಗ ಅದನ್ನು ಹೊತ್ತು ತಂದಳು. ಒಲೆಯ ಶಾಖ ನೆಲದಡಿ ಹರಿಯುವ ತನ್ನ ಕೋಣೆಯಲ್ಲಿ, ಹಿರಿಯರನ್ನು ಕೂರಿಸುವ ಅತಿ ಬೆಚ್ಚನೆಯ ಜಾಗದಲ್ಲಿ ಮಲಗಿಸಿ, ಅಮ್ಮನ ರಜಾಯಿ ಹೊದಿಸಿ, ದಿನವೂ ನೀರುಣಿಸಿದಳು.

ಹತ್ತೇ ದಿನಕ್ಕೆ ದುರ್ವಾಸನೆ. ದಿಂಡು ಒತ್ತಿದರೆ ಬೆರಳು ಒಳಗಿಳಿಯಿತು!

ಅದನ್ನು ನೆಲಮಾಳಿಗೆಗೆ ಮರಳಿಸಿದಳು. ಯಾರಿಗೂ ಹೇಳಲಿಲ್ಲ. 'ಮೊದಲೇ ಅವನು ಕೆಡಿಸಿರಬೇಕು...'

ಎರಡು ದಿನದಲ್ಲಿ ಗಿಡವೇ ಮಾಯ! ಅಂದಿನಿಂದ ಗಿತೇ ಹೊರಗೆ ಹೊರಟಾಗಲೆಲ್ಲ ಅವನ ಕೋಣೆಗೆ ಬೀಗ. ಅವನ ಒಲೆಯಲ್ಲಿ ಹೊಗೆಯಿಲ್ಲ. ಈ ಕೊರೆಯುವ ಚಳಿಯಲ್ಲಿ ಅವನು ಏನು ಬಚ್ಚಿಡುತ್ತಿದ್ದಾನೆ?

ಏಪ್ರಿಲ್‌ನಲ್ಲಿ ಅವಳ ತಾಳ್ಮೆ ಕೆಟ್ಟಿತು.

"ಅಮ್ಮನ ಬಾಳೆ ಯಾರಿಗೆ ಕೊಟ್ರಿ?"

ಗಿತೇ ಕೆಮ್ಮುತ್ತ ಬಾಗಿಲು ತೆರೆದ. ತಣ್ಣನೆಯ ನೆಲದ ಮೇಲೆ ಬೂದಿ ಮೆತ್ತಿದ ಪುಟ್ಟ ಬಾಳೆಕಂದು! ತುದಿಯಲ್ಲಿ ಹಸಿರು ಸುರುಳಿ...

"ಕೊಳೆತಿದ್ದೆಲ್ಲ ಕತ್ತರಿಸಿದ್ಮೇಲೆ ಉಳಿದಿದ್ದು ಇಷ್ಟೇ. ನೆಲಮಾಳಿಗೆ ತೇವ, ಗಾಯ ಒಣಗ್ತಿರ್ಲಿಲ್ಲ. ಇಲ್ಲಿ ಒಲೆ ಹಚ್ಚಿದ್ರೆ ಇದು ಹೊತ್ತಿಗೆ ಮುಂಚೆ ಎದ್ಬಿಡುತ್ತೆ. ಅದಕ್ಕೇ..."

"ಚಳಿಗಾಲ ಪೂರ್ತಿ ನೀವೂ ಹೀಗೇ...?"

"ಎರಡೆರಡು ಕಾಲುಚೀಲ ಹಾಕ್ಕೊಂಡಿದ್ದೆ ಕಣ್ರೀ."

ಅವಳ ಕಣ್ಣು ತುಂಬಿತು. "ಕೊಳೆಸಿದ್ದು... ನಾನು!"

"ಗೊತ್ತು. ದಿಂಡಿಗೆ ರಜಾಯಿ ಹತ್ತಿ ಅಂಟಿತ್ತು."

"ಮತ್ಯಾಕೆ ಬೈಲಿಲ್ಲ?"

"ಕಂದು ಉಳಿಯುತ್ತೋ ಇಲ್ವೋ ಗೊತ್ತಿರ್ಲಿಲ್ಲ. ಸತ್ತಿದ್ರೆ, ಅಮ್ಮನ ಗಿಡ ನಾನೇ ಕೊಂದೆ ಅಂತ ನೀವು ಊಟ ಬಿಡ್ತಿದ್ರಿ. ನನ್ನ ಮೇಲೆ ಅನುಮಾನ ಇದ್ರೆ, ಸಿಟ್ಟಿಗಾದ್ರೂ ಎರಡು ತುತ್ತು ತಿಂತೀರ ಅನ್ನಿಸ್ತು."

ಅವಳು ಕಣ್ಣೊರೆಸಿಕೊಂಡು ಗುದ್ದಲಿ ತಂದಳು.

ಇಬ್ಬರೂ ಸೇರಿ ಅಂಗಳದಲ್ಲಿ ಗುಂಡಿ ತೋಡಿ, ಕಂದು ನೆಟ್ಟು ಮಣ್ಣು ಒತ್ತಿದರು. ಮಣ್ಣಿನಲ್ಲಿ ಬೆರಳುಗಳು ತಾಕಿದವು. ಅವಳು ಕೈ ತೆಗೆಯಲಿಲ್ಲ.

"ಮುಂದಿನ ಚಳಿಗೆ ನಿಮ್ಮ ಕೋಣೆ ಬಾಳೆಗೇ ಇರ್ಲಿ."

"ನನ್ನ ಬೀದಿಗೆ ಹಾಕ್ತೀರಾ?"

"ನನ್ನ ಕೋಣೆ ಬೆಚ್ಚಗಿದೆ..." ಕೆನ್ನೆ ಕೆಂಪೇರಿತು. "ಮದುವೆ ಆದ್ಮೇಲೆ!"

ಅವನು ನಗಲಿಲ್ಲ. ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದ.

"ಹಿಮ ಬೀಳೋ ತನಕ ಕಾಯ್ಬೇಕಾ, ನಾರೇ?"

"ಬೇಡ..."