ಖಾಲಿ ಕೋಣೆಯ ಹಸಿರು ಚೌಕ

“ಆ ಕೋಣೆಗೆ ಮಾತ್ರ ಕ್ಯಾಮೆರಾ ಬೇಡಪ್ಪಾ. ಅಲ್ಲಿರೋದನ್ನ ಒಂದೇ ಸಮ ನೋಡ್ತಾ ಕೂತ್ರೆ, ನೋಡಿದವರ ಮನೆ ದಾರಿ ಅದಕ್ಕೆ ಗೊತ್ತಾಗಿಬಿಡುತ್ತೆ.”

ಹೀಗೆಂದವರು ಬಟ್ಟೆ ಗೋದಾಮಿನ ಮಾಲೀಕರ ಅತ್ತಿಗೆ. ಅಲ್ಲಿಯ ಕೆಲಸದವರಿಗೆಲ್ಲ ದೊಡ್ಡಮ್ಮ. ಕ್ಯಾಮೆರಾ ಕೂರಿಸಲು ಏಣಿ ಹತ್ತಿದ್ದವನು ಬಾಯಲ್ಲಿದ್ದ ಮೊಳೆ ತೆಗೆದು ನಕ್ಕ.

“ಒಂದೇ ಸಮ ನೋಡೋದೇ ಇದರ ಕೆಲಸ ದೊಡ್ಡಮ್ಮಾ. ಮನುಷ್ಯರಾದ್ರೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ಬೇಕು. ಇದಕ್ಕೆ ಇಂಟರ್ನೆಟ್ ಇದ್ರೆ ಸಾಕು.”

ಅವನು ಆ ಊರಿಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಜೊತೆಗಾರರು ಅವನನ್ನು ಫೋಕಸ್ ಎಂದು ಕರೆಯುತ್ತಿದ್ದರು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ದೊಡ್ಡಮ್ಮ ಹೇಳಿದ ಕತೆಯನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ಗಂಡನ ಏಳಿಗೆ ಸಹಿಸದ ಯಾರೋ ಮಾಟ ಮಾಡಿಸಿದ್ದರಂತೆ. ಹಿಂದಿನ ಕೋಣೆಯ ನೆಲದಡಿ ಬಟ್ಟೆಯ ಗೊಂಬೆಯೊಂದು ಸಿಕ್ಕಿತ್ತಂತೆ, ಅದರ ಹೊಟ್ಟೆಯ ತುಂಬ ಅವರ ಗಂಡನದೇ ಕೂದಲು. ಗೊಂಬೆಯನ್ನು ಸುಟ್ಟರೂ ಅದರ ಜೊತೆ ಬಂದದ್ದು ಹೋಗಲಿಲ್ಲವಂತೆ. ಇಂಥ ಅಂತೆಕಂತೆಗಳನ್ನು ಕೇಳಿ ಅವನಿಗೆ ಸಾಕಾಗಿತ್ತು. ಕಳ್ಳರು ನುಗ್ಗುವ ಹಿಂಬಾಗಿಲು ಇರುವುದೇ ಆ ಕೋಣೆಯಲ್ಲಿ, ಅಲ್ಲಿ ಕ್ಯಾಮೆರಾ ಇಲ್ಲದಿದ್ದರೆ ಉಳಿದವು ಯಾತಕ್ಕೆ ಎಂದುಕೊಂಡ.

ಬೀಗ ತೆಗೆದಾಗ ಕಮಟು ಗಾಳಿ ಮುಖಕ್ಕೆ ಹೊಡೆಯಿತು. ಗೋಣಿತಾಟಿನ ವಾಸನೆ, ಹಳೆಯ ಗಂಜಿಯ ವಾಸನೆ, ಅವುಗಳ ಕೆಳಗೆಲ್ಲೋ ಕೂದಲು ಸುಟ್ಟ ಸಣ್ಣ ವಾಸನೆ. ಹೊರಗೆ ಉರಿಬಿಸಿಲಿದ್ದರೂ ಒಳಗಿನ ಕತ್ತಲೆ ಕದಲಲಿಲ್ಲ. ಅವನು ಸೀಟಿ ಹೊಡೆಯುತ್ತ ಗೋಡೆ ಕೊರೆದು, ಕೇಬಲ್ ಎಳೆದು, ಕ್ಯಾಮೆರಾ ಕೂರಿಸಿದ.

ಚಿತ್ರವನ್ನು ದೂರದಿಂದಲೇ ಫೋನಿನಲ್ಲಿ ನೋಡಬೇಕೆಂದರೆ ಕ್ಯಾಮೆರಾಗಳನ್ನು ಯಾರದಾದರೂ ಖಾತೆಗೆ ಸೇರಿಸಬೇಕು. ಮಾಲೀಕರು ಊರಲ್ಲಿರಲಿಲ್ಲ. ಆಗ ಫೋಕಸ್ ಈ ಕಸುಬಿನ ಸೋಮಾರಿಗಳೆಲ್ಲ ಮಾಡುವುದನ್ನೇ ಮಾಡಿದ. ಮಾಲೀಕರು ಬಂದ ಮೇಲೆ ಬದಲಾಯಿಸಿದರಾಯಿತು ಎಂದು ಎಲ್ಲವನ್ನೂ ತನ್ನದೇ ಖಾತೆಗೆ ಸೇರಿಸಿಕೊಂಡ. ಆ ಖಾತೆಯಲ್ಲಿ ಮೊದಲೇ ಒಂದು ಕ್ಯಾಮೆರಾ ಇತ್ತು. ಹೆಂಡತಿ ಮನೆಯ ಮುಂಭಾಗದಲ್ಲಿ ಹೊಲಿಗೆಗೆ ಕೂತಾಗ ಒಳಗೆ ಮಲಗಿದ ಮಗಳ ಮೇಲೆ ಕಣ್ಣಿರಲೆಂದು ಹಾಕಿದ್ದು. ಹೀಗೆ ಅವನ ಫೋನಿನಲ್ಲಿ ಹಿಂದಿನ ಕೋಣೆಯೂ ಮಗಳ ಕೋಣೆಯೂ ಅಕ್ಕಪಕ್ಕದ ಮನೆಗಳಾದವು.

ಗೋದಾಮಿನ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತ ಅವನು ಫೋನ್ ನೋಡಿದ. ಮನುಷ್ಯರು ಕಂಡರೆ ಈ ಕ್ಯಾಮೆರಾ ಅವರ ಸುತ್ತ ಹಸಿರು ಚೌಕ ಎಳೆಯುತ್ತದೆ. ಖಾಲಿ ಕೋಣೆಯ ಮೂಲೆಯಲ್ಲಿ ಒಂದು ಚೌಕ ಇತ್ತು, ಕುಕ್ಕರುಗಾಲಲ್ಲಿ ಕೂತವರ ಎತ್ತರಕ್ಕೆ. ಇಲಿಗೂ ಮನುಷ್ಯನಿಗೂ ವ್ಯತ್ಯಾಸ ತಿಳಿಯದ ದರಿದ್ರ ಮಾಲು ಎಂದು ಬೈದುಕೊಂಡ. ಆದರೂ ನೋಡುತ್ತಲೇ ಇದ್ದ. ಕೈಯ ತುತ್ತು ಕೈಯಲ್ಲೇ ಒಣಗಿತು. ಚೌಕ ಎದ್ದು ನಿಂತಿತು. ಮುಂದೆ ಬಂತು. ದೊಡ್ಡದಾಯಿತು. ಪರದೆಯ ತುಂಬ ಆಯಿತು. ಆಮೇಲೆ ಕೋಣೆ ಖಾಲಿ.

ಪಕ್ಕದ ಚಿತ್ರದಲ್ಲಿ ಮಗಳ ಸುತ್ತ ಒಂದು ಚೌಕವಿತ್ತು. ಮಂಚದ ಕಾಲಬದಿ ಇನ್ನೊಂದು.

ಅವನು ಊಟ ಬಿಟ್ಟು ಎದ್ದ. ಹೆಂಡತಿಗೆ ಫೋನ್ ಮಾಡಿದ. ಅವಳು ಎದ್ದು ಹೋಗಿ ನೋಡಿ, ಮಗು ಒಂದೇ ಮಲಗಿದೆ, ಕೂದಲು ಸುಟ್ಟ ವಾಸನೆ ಮಾತ್ರ ಬರುತ್ತಿದೆ, ಪಕ್ಕದ ಮನೆಯವರು ಏನು ಸುಡುತ್ತಿದ್ದಾರೋ ಎಂದಳು.

ಮಗಳು ಆ ಸಂಜೆ ಎದ್ದವಳು ನಗಲಿಲ್ಲ. ಅಪ್ಪ ಬಂದರೆ ಕುತ್ತಿಗೆಗೆ ಜೋತುಬೀಳುವ ಹುಡುಗಿ, ಬಾಗಿಲಲ್ಲಿ ನಿಂತವನನ್ನು ಕಂಬವನ್ನು ನೋಡುವ ಹಾಗೆ ನೋಡಿದಳು. ಮರುದಿನ ಅಮ್ಮನ ಕಾದ ಇಸ್ತ್ರಿಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಇಟ್ಟವಳು ತೆಗೆಯಲಿಲ್ಲ. ವಾಸನೆ ಬಂದ ಮೇಲೆಯೇ ತಾಯಿಗೆ ಗೊತ್ತಾದದ್ದು. ಬೊಬ್ಬೆ ಎದ್ದ ಕೈಯನ್ನು ಮಗು ಬೇರೆ ಯಾರದೋ ವಸ್ತುವಿನಂತೆ ತಿರುಗಿಸಿ ನೋಡಿತು, ಅಳಲಿಲ್ಲ. ನರಗಳೆಲ್ಲ ಸರಿಯಾಗಿವೆ ಎಂದರು ಡಾಕ್ಟರು. ತಾಯಿ ಅತ್ತೂ ಅತ್ತೂ ಸುಸ್ತಾಗಿ ಗೋಡೆಗೊರಗಿದಳು.

ಅವನು ಗೋದಾಮಿನ ಕ್ಯಾಮೆರಾಗಳನ್ನು ಖಾತೆಯಿಂದ ಅಳಿಸಿದ. ಹಿಂದಿನ ಕೋಣೆಯದನ್ನು ಕಿತ್ತೇ ಬಿಸಾಡಿದ. ಏನೂ ಬದಲಾಗಲಿಲ್ಲ. ಮನೆಯ ಚಿತ್ರದಲ್ಲಿ ಈಗ ಮಗಳ ಚೌಕದೊಳಗೆ ಇನ್ನೊಂದು ಚೌಕ ಕೂತಿತ್ತು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತಲ್ಲ ಎಂದು ತಲೆ ಚಚ್ಚಿಕೊಂಡು ದೊಡ್ಡಮ್ಮನ ಮುಂದೆ ಹೋಗಿ ಕೂತ.

ದೊಡ್ಡಮ್ಮ ಬೈಯಲಿಲ್ಲ. ಮಾಟದಿಂದ ತಮ್ಮ ಗಂಡ ಕೂಡಲೇ ಸತ್ತಿರಲಿಲ್ಲ, ಮರಗಟ್ಟಿದ್ದರು ಎಂದರು. ಉಣ್ಣುತ್ತಿದ್ದರು, ನಡೆಯುತ್ತಿದ್ದರು. ಹೆತ್ತ ಮಗನ ಹೆಣ ಅಂಗಳದಲ್ಲಿದ್ದಾಗ ಚಹಾ ಆರಿದೆ, ಬಿಸಿ ಮಾಡಿ ಕೊಡು ಎಂದು ಕೇಳಿದ್ದರು. ಕೊನೆಗೆ ಅವರ ಉಸಿರು ನಿಂತ ಮೇಲೆ ಅದು ತನ್ನ ಕೋಣೆಗೆ ಮರಳಿತ್ತು.

“ಬಿಡಿಸೋಕೆ ದಾರಿ ಇಲ್ವಾ?” ಎಂದು ಕೇಳಿದ.

“ಇದೆ. ಮನೆಯವರೇ ಯಾರಾದ್ರೂ ಅದನ್ನ ತಮ್ಮ ಮೈಗೆ ಕರ್ಕೋಬೇಕು. ಕರೆದ್ರೆ ಬರುತ್ತೆ.” ದೊಡ್ಡಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ನನಗೆ ಧೈರ್ಯ ಬರ್ಲಿಲ್ಲಪ್ಪಾ.”

ಅವನು ಮನೆಗೆ ಬಂದ. ಹೆಂಡತಿಗೆ ಹೊರಗಿರಲು ಹೇಳಿ ಬಾಗಿಲು ಮುಚ್ಚಿದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕ್ಯಾಮೆರಾದ ಎದುರು ಕೂತ. ಕೈಯಲ್ಲಿ ಫೋನ್. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು, ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ. ಮಗುವಿನ ಮೈ ತಣ್ಣಗಿತ್ತು.

“ಅವಳನ್ನ ಬಿಡು,” ಎಂದ. “ನನ್ನ ಹತ್ರ ಬಾ.”

ಗಿರ್ ಎಂದಿತು ಕ್ಯಾಮೆರಾದ ಕತ್ತು. ತಾನಾಗಿಯೇ ತಿರುಗಿತು. ಅವನತ್ತ ನಿಂತಿತು. ಕೂದಲು ಸುಟ್ಟ ವಾಸನೆ ಗಂಟಲಿಗೆ ಇಳಿಯಿತು. ಸೈಕಲ್ ಗಂಟೆ ನಿಂತಿತು. ಪರದೆಯಲ್ಲಿ ಒಳಗಿನ ಚೌಕ ಅಲುಗಿತು. ಮಗಳ ಹೆಗಲಿಂದ ಜಾರಿತು. ಅವನ ಮೊಣಕೈಗೆ ಬಂತು. ಎದೆಗೆ ಬಂತು. ಕಾಲ್ಬೆರಳುಗಳ ಅರಿವು ಹೋಯಿತು. ಮಂಡಿ ಹೋಯಿತು. ಹೊಟ್ಟೆಯಲ್ಲಿದ್ದ ಭಯವೂ ಹೋಗತೊಡಗಿತು. ಎಲ್ಲ ಹೋಗುವುದರೊಳಗೆ ಮಗಳನ್ನೊಮ್ಮೆ ನೋಡಿಬಿಡಬೇಕು. ಪ್ರೀತಿ ಇನ್ನೂ ಚೂರು ಉಳಿದಿರುವಾಗಲೇ ನೋಡಿಬಿಡಬೇಕು. ಕತ್ತು ತಿರುಗಿಸಿದ. ಅವಳ ರೆಪ್ಪೆ ಕಂಡಿತು. ಮೂಗು ಕಂಡಿತು. ಅಷ್ಟೇ.

“ಅಪ್ಪಾ, ಕೈ ಉರೀತಿದೆ,” ಎಂದಳು ಮಗಳು. ತುಟಿ ಸೊಟ್ಟಗಾಯಿತು. ಆಮೇಲೆ ಮನೆ ಹಾರಿಹೋಗುವ ಹಾಗೆ ಅತ್ತಳು.

ಹೆಂಡತಿ ಬಾಗಿಲು ದೂಡಿಕೊಂಡು ಓಡಿಬಂದಳು. ಆ ಅಳು ಕೇಳಿ ಅವಳಿಗೆ ನಗು ಬಂತು, ನಗುತ್ತಲೇ ತಾನೂ ಅತ್ತಳು, ಇಬ್ಬರನ್ನೂ ಸೇರಿಸಿ ತಬ್ಬಿಕೊಂಡಳು. ಇನ್ನೇನೂ ಭಯವಿಲ್ಲ ಅಲ್ಲವೇ ಎಂದು ಕೇಳಿದಳು.

ಇಲ್ಲ ಎಂದ. ಅದು ನಿಜವೇ ಆಗಿತ್ತು. ಮಗಳು ಅವನ ಕುತ್ತಿಗೆಗೆ ಜೋತುಬಿದ್ದಿದ್ದಳು, ಅವಳ ಕಣ್ಣೀರು ಅವನ ಅಂಗಿಯೊಳಗೆ ಇಳಿಯುತ್ತಿತ್ತು. ಅಂಗಿ ಒದ್ದೆಯಾಗಿದೆ ಎಂದು ಅವನಿಗೆ ತಿಳಿಯಿತು. ಇಂಥ ಹೊತ್ತಿನಲ್ಲಿ ತಂದೆಯಾದವನು ಬೆನ್ನು ತಟ್ಟುತ್ತಾನೆ ಎಂಬುದೂ ನೆನಪಾಯಿತು. ಕೈ ಎತ್ತಿ ತಟ್ಟಿದ. ಮಗಳ ಅಳು ತಟ್ಟನೆ ನಿಂತಿತು. ತಲೆ ಎತ್ತಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಅವನ ತೊಡೆಯಿಂದ ಇಳಿದು, ಅಮ್ಮನ ಹಿಂದೆ ಹೋಗಿ ನಿಂತಳು.