ಉರಿಹುಲಿಗೆ ಎಲೆ ಹಾಕದ ಮನೆ

ಬಲು ಹಿಂದೆ, ಬೆಟ್ಟಕ್ಕೂ ಗಾಳಿಗೂ ಇನ್ನೂ ಮಾತುಕತೆ ಇದ್ದ ಕಾಲದಲ್ಲಿ, ಹೊಂಬುಲ್ಲಿಗೆ ಅಂತ ಒಂದು ರಾಜ್ಯ. ಮೂರು ಕಡೆ ಹುಲ್ಲಿನ ಬೆಟ್ಟ, ಒಂದು ಕಡೆ ಕೆರೆ. ಬೇಸಿಗೆ ಬಂತೆಂದರೆ ಬೆಟ್ಟವೆಲ್ಲ ಚಿನ್ನದ ಬಣ್ಣ. ನೋಡೋಕೆ ಚೆಂದ, ಬಾಳೋಕೆ ಭಯ.

ಆ ರಾಜ್ಯದಲ್ಲಿ ಮರ್ಯಾದೆ ಅಳೆಯುತ್ತಿದ್ದದ್ದು ಒಟ್ಟಿಲಿನಿಂದ. ಒಟ್ಟಿಲು ಅಂದರೆ ಮನೆಯ ಗೋಡೆಗೆ ಆನಿಸಿ ಪೇರಿಸಿದ ಸೌದೆ. ಅದು ಸೂರು ಮುಟ್ಟಿದರೆ ಸ್ಥಿತಿವಂತರು. ಕಿಟಕಿಯವರೆಗೆ ಬಂದರೆ ಪರವಾಗಿಲ್ಲ. ಮೊಣಕಾಲಿಗೇ ನಿಂತರೆ ಆ ಮನೆಗೆ ಹೆಣ್ಣೂ ಇಲ್ಲ, ಗಂಡೂ ಇಲ್ಲ. ಹೆಣ್ಣು ನೋಡಲು ಬಂದವರು ಮೊದಲು ಒಟ್ಟಿಲು ನೋಡಿ ತಲೆದೂಗಿ, ಆಮೇಲೆ ಹುಡುಗಿಯ ಮುಖ ನೋಡುತ್ತಿದ್ದರು. ಭಂಡಾರಿಯ ಹೆಂಡತಿ ಪದುಮಲೆಯ ಒಟ್ಟಿಲಂತೂ ಬೀದಿಗೇ ದೊಡ್ಡದು. ಆದರೆ ಅದು ಒಳಗೆ ಟೊಳ್ಳು ಅಂತ ಊರಿಗೆಲ್ಲ ಗುಮಾನಿ. ಟೊಳ್ಳು ಅವಳಿಗೆ ಯಾಕೆ ಬೇಕಾಗಿತ್ತು ಅನ್ನುವ ಗುಮಾನಿ ಇನ್ನೂ ದೊಡ್ಡದು. ಭಂಡಾರಿಯೊಬ್ಬ ಮಾತ್ರ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದ. ಇರಲಿ, ಆ ಮಾತು ಆಮೇಲೆ.

ಬೆಟ್ಟದ ಬುಡದಲ್ಲಿ, ಊರಿನ ಕೊನೆಯ ಮನೆಯಲ್ಲಿ, ಮಾಚಲೆ ಅಂತ ಒಬ್ಬ ಹುಡುಗಿ ತಾಯಿ ಬಾಚವ್ವನ ಜೊತೆ ಇದ್ದಳು. ಅವರು ಬೇರೆ ಊರಿನವರು. ಹಿಂದಿನ ಬೇಸಿಗೆಯಲ್ಲಿ ಅವರ ಊರನ್ನು ಉರಿಹುಲಿ ನುಂಗಿತ್ತು. ಉರಿಹುಲಿಗೆ ಮೈಯೆಲ್ಲ ಬೆಂಕಿ, ಮೀಸೆ ಹೊಗೆ, ಕಣ್ಣು ಕೆಂಡ. ಅದು ಯಾವ ಊರಿಗೇ ಬರಲಿ, ಮೊದಲು ಮರಿಗಳನ್ನು ಕಳಿಸುತ್ತದೆ, ಆಮೇಲೆ ನಾಲಿಗೆ ಚಾಚುತ್ತದೆ, ಕೊನೆಗೆ ತಾನೇ ಬರುತ್ತದೆ. ಬಾಚವ್ವನ ಪಾದ ಎರಡೂ ಸುಟ್ಟು ನಡಿಗೆ ನಿಂತುಹೋಗಿತ್ತು. ಮಾಚಲೆ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಓಡಿದ್ದಳು.

ಓಡುವಾಗ ಒಮ್ಮೆ ಹಿಂತಿರುಗಿ ನೋಡಿದ್ದಳು. ಊರೆಲ್ಲ ಉರಿಯುತ್ತಿದ್ದರೂ ಕುಂಬಾರನ ಮನೆ ಒಂದೇ ನಿಂತಿತ್ತು. ಅವನ ಅಂಗಳವೆಲ್ಲ ಬರೀ ಜೇಡಿಮಣ್ಣು, ಗೋಡೆಗೆ ಆನಿಸಿದ್ದು ಬರೀ ಮಡಕೆ. ಒಟ್ಟಿಲಿಲ್ಲದ ದರಿದ್ರ ಅಂತ ಊರು ನಗುತ್ತಿದ್ದ ಮನೆ ಅದು! ಹುಲಿ ಆ ಅಂಗಳಕ್ಕೆ ಬಂದು ನೆಲ ನೆಕ್ಕಿತು. ರುಚಿ ಹತ್ತಲಿಲ್ಲ. ಮುಂದೆ ಹೋಯಿತು. ಮಾಚಲೆ ಅದನ್ನು ಕಣ್ಣಲ್ಲಿ ಕಟ್ಟಿಕೊಂಡು ಬಂದಿದ್ದಳು.

ಈ ಬೇಸಿಗೆ ಶುರುವಾದಾಗ ಅವಳು ಹೇಳಿದಳು, "ಅವ್ವಾ, ಬಿಸಿಗಾಳಿ ಎದ್ದಿದೆ. ಹೊಗೆ ಕಾಣುವ ಮೊದಲೇ ಕೆರೆಯ ಆಚೆಗೆ ಹೋಗೋಣ."

"ನೀನು ಹೋಗು. ಒಂದು ಸಲ ಮೂಟೆಯ ಹಾಗೆ ಹೊತ್ತದ್ದು ಸಾಕು. ಇನ್ನೊಂದು ಸಲ ನಾನು ಯಾರ ಬೆನ್ನೂ ಏರುವುದಿಲ್ಲ. ಈ ಮನೆ ಇದ್ದರೆ ನಾನು, ಹೋದರೆ ನಾನೂ."

ಬಾಚವ್ವನ ಹಟ ಅಂದರೆ ಹಟ. ಅವಳನ್ನು ಬಿಟ್ಟು ಮಗಳು ಎಲ್ಲಿಗೆ ಹೋಗುತ್ತಾಳೆ? ತಾಯಿ ಉಳಿಯಬೇಕಾದರೆ ಮನೆ ಉಳಿಯಬೇಕು.

ಮಾಚಲೆ ಸೆರಗು ಸಿಕ್ಕಿಸಿದಳು. ಒಟ್ಟಿಲನ್ನು ಕಿತ್ತು ದೂರದ ಕೆರೆ ಏರಿಗೆ ಸಾಗಿಸಿದಳು. ಚಾವಣಿಯ ತರಗೆಲೆ ಗುಡಿಸಿದಳು, ಹುಲ್ಲಿನ ಮೇಲೆ ದಪ್ಪಗೆ ಮಣ್ಣು ಮೆತ್ತಿದಳು, ಸೂರಿನ ಸಂದಿಗೆಲ್ಲ ಜೇಡಿ ತುಂಬಿದಳು. ಮನೆಯ ಸುತ್ತ ಹುಲ್ಲು ಕೆತ್ತಿ ನೆಲವನ್ನು ಬೋಳು ಮಾಡಿದಳು.

ಅವಳಿಗೆ ಮದುವೆ ಗೊತ್ತಾಗಿದ್ದ ಗಂಡು ಸಿಂಗಣ, ಕೋಟೆ ಬಾಗಿಲ ಕಾವಲುಗಾರ. ಅವನ ತಾಯಿ ದುಗ್ಗಮ್ಮ ಸುದ್ದಿ ಕೇಳಿ ಹಾರಿಬಂದಳು.

"ಏನೇ ಇದು, ಗೋಡೆ ಬೋಳು, ಅಂಗಳ ಬೋಳು! ಸೌದೆ ಎಲ್ಲೇ?"

"ಕೆರೆ ಏರಿ ಮೇಲಿದೆ ಅತ್ತೆ."

"ಕೆರೆ ಏರಿಗೇನು ಮದುವೆಯೇ? ಇಂಥ ಮನೆಯಿಂದ ಹೆಣ್ಣು ತಂದು ನಾಲ್ಕು ಜನರ ಮುಂದೆ ನಾನು ತಲೆ ಎತ್ತುವುದು ಹೇಗೆ?"

ಒಳಗಿಂದ ಬಾಚವ್ವ ಕೂಗಿದಳು, "ಇದ್ದರೆ ತಾನೇ ಎತ್ತುವುದು, ಬೀಗಿತ್ತಿ!"

ಅಲ್ಲಿಗೆ ಸಂಬಂಧ ಮುರಿಯಿತು. ಸಿಂಗಣ ಮಾತ್ರ ಹೋಗುವಾಗ ಆ ಬೋಳು ನೆಲವನ್ನು ಹಿಂತಿರುಗಿ ಹಿಂತಿರುಗಿ ನೋಡಿದ. ನೆಲವನ್ನೋ, ಹುಡುಗಿಯನ್ನೋ, ಅವನಿಗೇ ಗೊತ್ತು.

ಇತ್ತ ಅರಮನೆಯಲ್ಲಿ ಬೇರೆಯದೇ ರಂಪ. ಕಾಳಜಟ ಅನ್ನುವ ಮಾಂತ್ರಿಕ ಬಂದು ಅತಿಥಿಗೃಹದಲ್ಲಿ ಬೀಡುಬಿಟ್ಟಿದ್ದ. ಕಾಗೆಗಿಂತ ಕಪ್ಪು ಗಡ್ಡ, ನುಣ್ಣನೆ ಕೆನ್ನೆ. ರಾಜ ಹೊನ್ನರಸನ ಅಕ್ಕ ಚಂದಲದೇವಿ ಮೊಮ್ಮಕ್ಕಳನ್ನು ಕಂಡ ವಿಧವೆ, ಅವನು ಬಂದ ಮಾರನೆ ದಿನವೇ ಕಣ್ಣಿಗೆ ಕಾಡಿಗೆ ಹಚ್ಚಲು ಶುರುಮಾಡಿದಳು! ಹಾಲು ಕಳಿಸುವುದೇನು, ಹಣ್ಣು ಕಳಿಸುವುದೇನು. ಕೊನೆಗೆ ಅವನಿದ್ದ ಮನೆಯ ಗೋಡೆಗೆ ರಾಜ್ಯದಲ್ಲೇ ದೊಡ್ಡ ಒಟ್ಟಿಲನ್ನು, ಅದೂ ಗಂಧದ ಕಟ್ಟಿಗೆಯದನ್ನು, ಪೇರಿಸಿಕೊಟ್ಟಳು. ಅವನು ಮನೆಮನೆಯ ಸೂರಿಗೆ ಒಣಹುಲ್ಲಿನ ತೋರಣ ಕಟ್ಟಿಸಿ, "ಇದೇ ರಕ್ಷೆ. ಒಟ್ಟಿಲು ಎತ್ತರ ಮಾಡಿ, ಹುಲಿ ಹೆದರುತ್ತದೆ" ಅನ್ನುತ್ತಿದ್ದ.

ಉರಿಹುಲಿ ಅವನದೇ. ಅದು ನುಂಗಿದ ಒಂದೊಂದು ಮನೆಗೂ ಅವನ ಒಂದೊಂದು ಬಿಳಿಕೂದಲು ಕಪ್ಪಾಗುತ್ತಿತ್ತು. ಎಷ್ಟು ಊರು ಉರಿದು ಆ ಗಡ್ಡ ಅಷ್ಟು ಕಪ್ಪಾಗಿತ್ತೋ!

ಮಾಚಲೆ ತೋರಣ ಕಟ್ಟಗೊಡಲಿಲ್ಲ. ರಾಜನ ಮುಂದೆ ದೂರು ಹೋಯಿತು. ಹೊನ್ನರಸ ಒಳ್ಳೆಯವನೇ, ಆದರೆ ಅಕ್ಕ ಅಂದರೆ ನಡುಕ.

"ಬೋಳು ಮನೆಯೇ ಹುಲಿಗೆ ಮೊದಲ ತುತ್ತು, ಮಹಾರಾಜ" ಅಂದ ಕಾಳಜಟ.

ಮಾಚಲೆ ಹೇಳಿದಳು, "ಹುಲಿ ಮೂರು ಸಲ ಬರುತ್ತದೆ. ನನ್ನ ಮನೆ ಉಳಿದರೆ ನನ್ನ ಮಾತು ಕೇಳಿ. ಉಳಿಯದಿದ್ದರೆ ನಾವು ಅದರೊಳಗೇ ಇರುತ್ತೇವಲ್ಲ, ವಾದ ಮಾಡಲು ಯಾರೂ ಬರುವುದಿಲ್ಲ."

ಅಕ್ಕನ ಮುಖ ನೋಡದೆ ರಾಜ ಹೂಂ ಅಂದ. ಅವನ ಜನ್ಮದಲ್ಲೇ ಅದು ಮೊದಲು.

ಮೊದಲ ಸಲ ಮರಿಗಳು ಬಂದವು. ನಡುಹಗಲಲ್ಲಿ ಬಿಸಿಗಾಳಿ ಏರಿ, ಜೇನುನೊಣದಷ್ಟು ಪುಟ್ಟ ಕಿಡಿಮರಿಗಳು ಹಿಂಡು ಹಿಂಡಾಗಿ ಹಾರಿಬಂದವು. ಮಾಚಲೆಯ ಚಾವಣಿ ತಡವಿದವು, ಮಣ್ಣು. ಸೂರಿನ ಸಂದಿಗೆ ಮೂಗು ತೂರಿದವು, ಜೇಡಿ. ಬಾಗಿಲಲ್ಲಿ ಕೂತಿದ್ದ ಬಾಚವ್ವ ಪೊರಕೆ ಬೀಸಿ ಅಂದಳು, "ಇಲ್ಲಿ ನಿಮಗೆ ಎಲೆ ಹಾಕಿಲ್ಲ ಕಣ್ರೋ, ಮುಂದೆ ಹೋಗಿ!" ಮರಿಗಳು ಅಲ್ಲೇ ಕಪ್ಪಾಗಿ ಉದುರಿದವು. ಊರೊಳಗೆ ತೋರಣ ಕಟ್ಟಿದ ಸೂರುಗಳು ಭಗ್ಗನೆ ಹತ್ತಿದವು. ಜನ ಕೊಡಗಟ್ಟಲೆ ನೀರು ಸುರಿದು ಉಳಿಸಿಕೊಂಡರು. ಆದರೂ ಬುದ್ಧಿ ಬಂತೇ? "ತೋರಣ ಕಟ್ಟಿದ್ದಕ್ಕೇ ಇಷ್ಟರಲ್ಲಿ ಹೋಯಿತು" ಅಂದ ಕಾಳಜಟ. ಜನ ಹೌದೌದು ಅಂದರು.

ಎರಡನೇ ಸಲ ನಾಲಿಗೆ ಬಂತು. ಬೆಟ್ಟದಿಂದ ಹುಲ್ಲು ನೆಕ್ಕುತ್ತಾ ಇಳಿದು ಬೋಳು ನೆಲದ ಅಂಚಿಗೆ ನಿಂತಿತು. ಬಾಚವ್ವ ಅಂದಳು, "ಇಲ್ಲಿ ನಿನಗೆ ಎಲೆ ಹಾಕಿಲ್ಲ ಕಣೋ, ಮುಂದೆ ಹೋಗು!" ಆದರೆ ಮಾಚಲೆ ಒಂದನ್ನು ಮರೆತಿದ್ದಳು. ಹಿತ್ತಲಿನ ಮುಳ್ಳುಬೇಲಿ ಬೆಟ್ಟದಿಂದ ಶುರುವಾಗಿ ನೇರ ಗೋಡೆಗೆ ಬಂದು ತಾಗುತ್ತಿತ್ತು. ನಾಲಿಗೆ ಅದನ್ನು ಕಂಡಿತು. ಹಗ್ಗದ ಮೇಲೆ ದೊಂಬರವನು ನಡೆದ ಹಾಗೆ ಬೇಲಿಯ ಮೇಲೇ ಬಂತು.

ಮಾಚಲೆ ಮಚ್ಚು ಹಿಡಿದು ಓಡಿದಳು. ಮುಳ್ಳು ಕೈ ಹರಿಯಿತು, ಹೊಗೆ ಕಣ್ಣು ಕಟ್ಟಿತು. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಮಚ್ಚು ಬಿದ್ದ ಸದ್ದು. ನೋಡಿದರೆ ಸಿಂಗಣ!

"ನಿಮ್ಮಮ್ಮ ಬೈಯುವುದಿಲ್ಲವೇ?"

"ಬೈಯಲಿ, ಮೊದಲು ಬೇಲಿ ಕಡಿ."

ಇಬ್ಬರೂ ಗೋಡೆಯ ಕಡೆಯ ಬೇಲಿಯನ್ನು ಕಡಿದು ಎಳೆದು ಬಿಸಾಡಿದರು. ನಾಲಿಗೆ ತುದಿಗೆ ಬಂದು ಗಾಳಿ ನೆಕ್ಕಿತು, ಹಿಂದಕ್ಕೆ ಹೋಯಿತು. ಹೋಗುವಾಗ ಕೆಳಬೀದಿಯ ಎರಡು ಮನೆಯ ಒಟ್ಟಿಲು ಹಿಡಿದು, ಒಟ್ಟಿಲಿನಿಂದ ಸೂರಿಗೆ ಏರಿ, ಮನೆಗಳನ್ನು ಬೂದಿ ಮಾಡಿತು. ಜನ ಹೇಗೋ ಹೊರಗೆ ಬಂದರು. ಕಾಳಜಟನ ಗಡ್ಡದಲ್ಲಿ ಇನ್ನೆರಡು ಕೂದಲು ಕಪ್ಪಗೆ ಮಿಂಚಿದವು.

ಇನ್ನು ಉಳಿದದ್ದು ಹುಲಿ. ಮಾಚಲೆ ಅಂಗಳದಲ್ಲಿ ಕುಸಿದು ಕೂತಳು. "ಅವ್ವಾ, ನಮ್ಮದೊಂದು ಬೋಳಾದರೆ ಸಾಲದು. ಪಕ್ಕದ ಮನೆ ಹೊತ್ತಿದರೆ ಅದರ ಉರಿಗೆ ನಮ್ಮದೂ ಹೋಗುತ್ತದೆ. ಇಡೀ ಬೀದಿ ಒಟ್ಟಿಲು ಕೀಳಬೇಕು. ಯಾರು ಕೇಳುತ್ತಾರೆ?"

"ಬುದ್ಧಿಮಾತು ಹೇಳಿದೆಯೋ?"

"ಗಂಟಲು ಹರಿಯುವಷ್ಟು ಹೇಳಿದೆ."

"ಅದಕ್ಕೇ ಕೇಳಲಿಲ್ಲ. ನನ್ನನ್ನು ಬಾಗಿಲ ಹೊರಗೆ ಕೂರಿಸು."

ಬಾಚವ್ವ ಹೊರಗೆ ಕೂತು, ನೀರಿಗೆ ಹೊರಟಿದ್ದ ದುಗ್ಗಮ್ಮನನ್ನು ಕರೆದಳು. ಬಲು ಮೆಲ್ಲಗೆ, ಅಂದರೆ ಹತ್ತು ಮನೆಗೆ ಕೇಳುವಷ್ಟು ಮೆಲ್ಲಗೆ ಅಂದಳು, "ಬೀಗಿತ್ತಿ, ಪದುಮಲೆಯ ಒಟ್ಟಿಲು ಕೆಮ್ಮುತ್ತದಂತಲ್ಲ, ಹೌದೇ?"

ದುಗ್ಗಮ್ಮ ಕೊಡ ಇಳಿಸಿದಳು. ಹಗೆ ಹಗೆಯೇ, ಸುದ್ದಿ ಸುದ್ದಿಯೇ. ಅರ್ಧ ಗಳಿಗೆಯಲ್ಲಿ ಬೀದಿಯೇ ಭಂಡಾರಿಯ ಮನೆ ಮುಂದೆ. ಭಂಡಾರಿ ಎದ್ದು ಬಂದು ಒಂದು ಸೌದೆ ಎಳೆದ, ಇನ್ನೊಂದು ಎಳೆದ. ಮೂರನೆಯದಕ್ಕೆ ಅರಮನೆಯ ನಾಟ್ಯದ ಮೇಷ್ಟ್ರು ಗೆಜ್ಜೆ ಸಮೇತ ಉರುಳಿ ಬಿದ್ದ!

ಅಯ್ಯಯ್ಯೋ, ಆ ಕೂಗೇನು, ಆ ನಗುವೇನು! ನಕ್ಕು ಮುಗಿಯಿತು. ಗಂಡಂದಿರು ಹೆಂಡಿರ ಮುಖ ನೋಡಿದರು, ಹೆಂಡಿರು ಗಂಡಂದಿರ ಮುಖ ನೋಡಿದರು. ಆಮೇಲೆ ಒಬ್ಬೊಬ್ಬರೇ ತಂತಮ್ಮ ಮನೆಗೆ ಓಡಿ ತಂತಮ್ಮ ಒಟ್ಟಿಲು ಕೀಳತೊಡಗಿದರು. ಸಂಜೆಯೊಳಗೆ ಊರವರ ಮನೆಯ ಒಂದು ಗೋಡೆಗೂ ಸೌದೆ ಉಳಿಯಲಿಲ್ಲ. ದುಗ್ಗಮ್ಮನೂ ಕಿತ್ತಳು. ಅವಳ ಗಂಡ ಸತ್ತೇ ಎಷ್ಟೋ ಕಾಲವಾಗಿತ್ತು, ಯಾರನ್ನು ಹುಡುಕಿದಳೋ.

"ಕಿತ್ತದ್ದು ಹೇಗೂ ಕಿತ್ತಿರಿ, ಕೆರೆ ಏರಿಗೆ ಸಾಗಿಸೋಣ" ಅಂದಳು ಮಾಚಲೆ. ಮತ್ತೆ ಪೇರಿಸಿದವರ ಮೇಲೆ ಊರೇ ಗುಮಾನಿ ಪಡುತ್ತದೆ, ಹಾಗಾಗಿ ಎಲ್ಲರೂ ಸಾಗಿಸಿದರು. ಸುಟ್ಟ ಸೂರು ನೆನಪಾಗಿ ತೋರಣ ಕಿತ್ತರು. ರಾಜನೇ ಗುದ್ದಲಿ ಹಿಡಿದು ಬಂದ. ಹುಲ್ಲು ಕೆತ್ತಿದರು, ತರಗೆಲೆ ಗುಡಿಸಿದರು, ಮನೆಗೆ ಬಾಗಿದ ಕೊಂಬೆ ಕಡಿದರು. ಮುದುಕರನ್ನೂ ಮಕ್ಕಳನ್ನೂ ಕರುಗಳನ್ನೂ ಮೊದಲೇ ಕೆರೆಯ ಆಚೆಗೆ ಕಳಿಸಿದರು. ಬಾಚವ್ವ ಮಾತ್ರ ಅಲ್ಲಾಡಲಿಲ್ಲ.

ಮೂರನೇ ಸಲ ಹುಲಿಯೇ ಬಂತು. ಬೆಟ್ಟ ಗುಡುಗಿತು, ಹಗಲು ಕೆಂಪಾಯಿತು. ಹುಲಿ ಬಾಚವ್ವನ ಅಂಗಳಕ್ಕೆ ಬಂದು ನೆಲ ನೆಕ್ಕಿತು. ರುಚಿ ಹತ್ತಲಿಲ್ಲ. ಮಾಚಲೆ ಒಂದು ಕೈಯಲ್ಲಿ ಒದ್ದೆ ಗೋಣಿ, ಇನ್ನೊಂದರಲ್ಲಿ ತಾಯಿಯ ಭುಜ ಹಿಡಿದು ನಿಂತಳು. ಬಾಚವ್ವ ಹುಲಿಯ ಕೆಂಡದ ಕಣ್ಣಿಗೇ ಕಣ್ಣಿಟ್ಟು ಅಂದಳು, "ಇಲ್ಲಿ ನಿನಗೆ ಎಲೆ ಹಾಕಿಲ್ಲ ಕಣೋ. ಮುಂದೆ ಹೋಗು."

ಹುಲಿ ಮುಂದೆ ಹೋಯಿತು. ಪಕ್ಕದ ಮನೆ, ಬೋಳು. ಅದರ ಪಕ್ಕದ್ದು, ಬೋಳು. ಬೀದಿಯುದ್ದಕ್ಕೂ ಒಂದು ತುತ್ತಿಲ್ಲ. ನಡೆಯುತ್ತಾ ನಡೆಯುತ್ತಾ ಅದರ ಹೊಟ್ಟೆ ಬೆನ್ನಿಗೆ ಅಂಟಿತು. ಊರಿಗೆಲ್ಲ ಉಳಿದದ್ದು ಒಂದೇ ಒಟ್ಟಿಲು, ಚಂದಲದೇವಿ ಪ್ರೀತಿಯಿಂದ ಪೇರಿಸಿದ ಗಂಧದ ಒಟ್ಟಿಲು! ಹುಲಿ ಅದರ ಮೇಲೆ ಎರಗಿತು. ಒಳಗಿಂದ ಕಾಳಜಟ ಕಿರುಚುತ್ತಾ ಓಡಿಬಂದ. ತನ್ನ ಯಜಮಾನನ ಮನೆಯನ್ನೇ ತಿಂದ ಹುಲಿಯ ಮಾಯೆ ಅಲ್ಲಿಗೇ ಕಡಿಯಿತು. ಅವನ ಕೂದಲು ಒಂದೊಂದಾಗಿ ಬೆಳ್ಳಗಾಯಿತು, ಹಲ್ಲು ಉದುರಿತು, ಬೆನ್ನು ಬಾಗಿತು.

ಚಂದಲದೇವಿ ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯೋ ಶಿವನೇ, ನಮ್ಮ ಮುತ್ತಜ್ಜನಿಗಿಂತ ಮುದುಕ!" ಅಂದು ಕಾಡಿಗೆ ಒರೆಸಿಕೊಂಡಳು. ಕಾಳಜಟ ಕೋಲೂರಿಕೊಂಡು ಊರು ಬಿಟ್ಟ. ಆಮೇಲೆ ಎಲ್ಲೂ ಅವನ ಸುದ್ದಿಯಿಲ್ಲ, ಇದ್ದಿದ್ದರೆ ದುಗ್ಗಮ್ಮನಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

ಹುಲಿ ಬಡಕಲಾಗಿ, ಬೆಕ್ಕಿನಷ್ಟೇ ಆಗಿ, ಬೂದಿಯಲ್ಲಿ ನಡುಗುತ್ತಾ ಕೂತಿತ್ತು. ಜನ ನೀರು ತಂದರು. ಮಾಚಲೆ ತಡೆದು, ಅದನ್ನು ಮಡಕೆಯಲ್ಲಿ ಎತ್ತಿಕೊಂಡು ಮನೆಗೆ ತಂದಳು. ಬಾಚವ್ವ ಒಲೆಯೊಳಗೆ ಒಂದೇ ಒಂದು ಸೌದೆ ಇಟ್ಟಳು.

"ಬಾರೋ. ಇಲ್ಲಿ ನಿನಗೆ ಎಲೆ ಹಾಕಿದ್ದೇನೆ. ಇಷ್ಟೇ, ಇನ್ನು ಕೇಳಬಾರದು."

ಅದು ಒಲೆಯೊಳಗೆ ಮುದುರಿ ಮಲಗಿ ಗುರುಗುಟ್ಟಿತು. ಆ ಉರಿಯಲ್ಲೇ ಮಾಚಲೆ ಸಿಂಗಣರ ಮದುವೆಯ ಅಡುಗೆ ಬೆಂದಿತು. ಸುಟ್ಟ ಮನೆಗಳನ್ನು ಊರೇ ಸೇರಿ ಕಟ್ಟಿತು. ಅಂದಿನಿಂದ ಹೊಂಬುಲ್ಲಿಗೆಯಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಅಂಗಳ ನೋಡುತ್ತಿದ್ದರು, ಬೋಳಾಗಿದ್ದರೆ ತಲೆದೂಗುತ್ತಿದ್ದರು. ದುಗ್ಗಮ್ಮ ಮಾತ್ರ ಬದುಕಿರುವವರೆಗೂ ಹೇಳುತ್ತಿದ್ದಳು, "ಮೊದಲು ಅಂಗಳ ಬೋಳು ಮಾಡಿದ್ದು ನಮ್ಮ ಸೊಸೆ. ನಾನೇ ಹೇಳಿಕೊಟ್ಟಿದ್ದು."