ಡಯಲ್ ಹಿಂದಿನ ಪೆನ್ಸಿಲ್ ಅಕ್ಷರ

ಜನವರಿ ಕೊನೆ. ಅವರೆಕಾಯಿ ಕಾಲ. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆಯಿಂದ ಮೂಟೆ ಇಳಿಯುತ್ತಿದ್ದವು. ಬೀದಿಯೆಲ್ಲ ಸೊಗಡಿನ ವಾಸನೆ.

ನನ್ನ ಅಂಗಡಿ ಮುಂದೆ ನಿಂತಿದ್ದ ಹಳೇ ಬಿಳಿ ಕಾರಿನ ಡ್ರೈವರ್ ಸೀಟಿನಲ್ಲಿ ನಾನು ಕೂತಿದ್ದೆ. ತೊಡೆಯ ಮೇಲೆ ಬಿಚ್ಚಿದ ಮೀಟರ್ ಬೋರ್ಡು. ತೆರೆದ ಬಾಗಿಲಿಗೆ ಅಡ್ಡಲಾಗಿ ಮೋಹನ್‌ಬಾಬು. ಅವನ ಕೈಯಲ್ಲಿ ವೀಲ್ ಸ್ಪ್ಯಾನರ್.

"ಏಮಯ್ಯಾ, ಅದನ್ನ ಕೊಡ್ತೀಯೋ, ಮಂಡಿಚಿಪ್ಪು ಕೊಡ್ತೀಯೋ?"

"ರಿಪೇರಿ ಮುಗಿದಿಲ್ಲ ಸಾರ್."

"ರಿಪೇರಿ ಬೇಡ ಅಂದ್ನಲ್ಲ."

ಅರ್ಧ ಗಂಟೆ ಮುಂಚೆ ಬೇಕಾಗಿತ್ತು.

ಮೋಹನ್‌ಬಾಬು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಯಜಮಾನ. ಹಳೇ ಕಾರು ಮಾರಲು ಹೊರಟಿದ್ದ. ಕೊಳ್ಳುವವನು ಮೀಟರ್ ಸರಿಮಾಡಿಸಿ ಕೊಡಿ ಅಂದಿದ್ದನಂತೆ. ಡ್ರೈವರ್ ಬಯ್ಯಪ್ಪ ಕಾರು ತಂದ, ಯಜಮಾನ ಹಿಂದೆ ಜೀಪಿನಲ್ಲಿ ಬಂದ.

"ಸ್ಪೀಡು, ಪೆಟ್ರೋಲು, ಹೀಟು... ಮೂರೂ ಮುಳ್ಳು ಸತ್ತೋಗವೆ ವೇಣಣ್ಣ," ಅಂದ ಬಯ್ಯಪ್ಪ. "ಆಗದೇ ಇದ್ರೆ ಬೇರೆ ಬೋರ್ಡೇ ಹಾಕ್ಬಿಡು."

ನಾಲ್ಕು ತಾಲ್ಲೂಕಿಗೆ ಈ ಕೆಲಸ ಬಲ್ಲವನು ನಾನೊಬ್ಬನೇ. ಹದಿನೆಂಟು ವರ್ಷದ ಕಸುಬು. ಸತ್ತ ಮುಳ್ಳು ಎಬ್ಬಿಸುತ್ತೇನೆ. ಓಡಿದ ಕಿಲೋಮೀಟರ್ ಹಿಂದಕ್ಕೂ ತಿರುಗಿಸುತ್ತೇನೆ. ಅದು ತಪ್ಪು ಅಂತ ಗೊತ್ತು. ಗೊತ್ತಿದ್ದೇ ಮಾಡುತ್ತಿದ್ದೆ.

ಕೆಲಸ ಕಲಿಸಿದ ಗುರು ಒಂದು ಕಟ್ಟು ಹಾಕಿದ್ದರು. ಮೀಟರ್ ಬಿಚ್ಚಿದವನು ಡಯಲ್ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ತಾರೀಕು, ಬಂದಾಗ ಎಷ್ಟಿತ್ತು, ಹೋಗುವಾಗ ಎಷ್ಟಾಯಿತು, ಕೊನೆಗೆ ಹೆಸರು. ಗಿರಾಕಿಗೆ ಸುಳ್ಳು ಹೇಳಿದರೂ ಮುಂದೆ ಬಿಚ್ಚುವ ಮೆಕಾನಿಕ್ಕಿಗೆ ಹೇಳಬಾರದು. ಈ ವಿಷಯ ನಮ್ಮ ಕಸುಬಿನವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೋಹನ್‌ಬಾಬುಗಂತೂ ಗೊತ್ತಿರಲಿಲ್ಲ.

ನಾಲ್ಕು ಸ್ಕ್ರೂ ಬಿಚ್ಚಿ ಡಯಲ್ ತಿರುಗಿಸಿದೆ. ನನ್ನದೇ ಅಕ್ಷರ.

11-2-2003. ಬಂದದ್ದು 61418. ಹೋದದ್ದು 61329. ವೇಣು.

ಆ ಮಂಗಳವಾರ ಬೆಳಿಗ್ಗೆ ನನ್ನ ಅಕ್ಕ ತನುಜ ತೊಂಡೇಬಾವಿ ಸ್ಟೇಷನ್ನಿನಲ್ಲಿ ರೈಲಿಳಿದು ಸ್ಕೂಲಿಗೆ ನಡೆದು ಹೋಗುತ್ತಿದ್ದಳು. ಅಲ್ಲಿ ಮೇಷ್ಟ್ರಮ್ಮ ಅವಳು. ಬಿಳಿ ಕಾರೊಂದು ಹೊಡೆದು ನಿಲ್ಲಿಸದೆ ಹೋಯಿತು. ಮಧ್ಯಾಹ್ನ ಬಯ್ಯಪ್ಪ ಟವೆಲ್ಲಿನಲ್ಲಿ ಸುತ್ತಿದ ಮೀಟರ್ ತಂದ. ಯಾರ ಕಾರು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಂಬತ್ತೊಂಬತ್ತು ಕಿಲೋಮೀಟರ್ ಹಿಂದಕ್ಕೆ ತಿರುಗಿಸಿ ಕಳಿಸಿದೆ. ಅವನು ಬೀದಿ ದಾಟುವಷ್ಟರಲ್ಲಿ ಫೋನ್ ಬಂತು. ಅಕ್ಕ ಹೋದಳು ಅಂತ.

ಯಾರೋ ಕಂಡು ಹೇಳಿದ ಅರ್ಧ ನಂಬರ್ ಹಿಡಿದು ಪೊಲೀಸರು ಮೋಹನ್‌ಬಾಬು ಮನೆವರೆಗೂ ಹೋದರು. ಒಡೆದ ಲೈಟಿಗೆ ಎಮ್ಮೆ ಅಡ್ಡ ಬಂದ ಕತೆ ಹೇಳಿದ. ಅಪಘಾತದ ಹಿಂದಿನ ದಿನದ ಗ್ಯಾರೇಜ್ ಚೀಟಿ ತೋರಿಸಿದ. ಅದರಲ್ಲಿ 61326. ಕಾರಿನಲ್ಲಿ 61329. ಶಿಡ್ಲಘಟ್ಟದಿಂದ ತೊಂಡೇಬಾವಿಗೆ ಹೋಗಿ ಬರಲು ಸುಮಾರು ತೊಂಬತ್ತು ಕಿಲೋಮೀಟರ್. ಮೂರು ಕಿಲೋಮೀಟರ್ ಓಡಿದ ಕಾರು ಅಲ್ಲಿ ಯಾರನ್ನು ಕೊಂದೀತು? ಪತ್ತೆಯಾಗಲಿಲ್ಲ ಅಂತ ಸಿ ರಿಪೋರ್ಟ್ ಬರೆದು ಫೈಲ್ ಕಟ್ಟಿದರು.

ಆ ಅಂಕಿ ಕಿವಿಗೆ ಬಿದ್ದ ದಿನವೇ ನನಗೆ ಎಲ್ಲ ತಿಳಿಯಿತು. ಬಾಯಿ ಬಿಡಲಿಲ್ಲ. ಬಿಟ್ಟರೆ ನಾನೂ ಒಳಗೆ. ಆ ಮೀಟರ್ ಎಂದಾದರೂ ನನ್ನ ಕೈಗೆ ಬರುತ್ತೆ, ಅಲ್ಲಿವರೆಗೆ ಕಾಯ್ತೀನಿ ಅಂತ ನನಗೆ ನಾನೇ ಹೇಳಿಕೊಂಡೆ. ಐದು ವರ್ಷ. ನಿಜ ಹೇಳಲಾ? ಹೆದರಿದ್ದೆ.

ಈಗ ಬಂದಿತ್ತು. ವೈರಿಂಗ್ ನೋಡುವವನಂತೆ ಮೀಟರ್ ಹಿಡಿದು ಕಾರಲ್ಲಿ ಕೂತೆ. ಸುಮ್ಮನೆ ಇರಬೇಕಾಗಿತ್ತು. ಇರಲಾಗಲಿಲ್ಲ.

"ಸಾರ್, ಎರಡು ಸಾವಿರದ ಮೂರು, ಫೆಬ್ರವರಿ ಹನ್ನೊಂದು. ತೊಂಡೇಬಾವಿ ಕಡೆ ಏನು ಕೆಲಸ ಇತ್ತು?"

ಮೋಹನ್‌ಬಾಬು ಟೀ ಲೋಟ ಕೆಳಗಿಟ್ಟು ಸ್ಪ್ಯಾನರ್ ಎತ್ತಿಕೊಂಡು ಬಂದ. ಆ ತಾರೀಕು ನನಗೆ ಮೀಟರಿನಿಂದಲೇ ಸಿಕ್ಕಿದೆ ಅಂತ ಹೊಳೆದಿರಬೇಕು, ಬಾಗಿಲಿಗೆ ಅಡ್ಡ ನಿಂತು ಅದನ್ನೇ ಕೇಳಿದ.

"ನೀನು ಆಯಮ್ಮನಿಗೆ ಏನಾಗ್ಬೇಕೋ?"

"ತಮ್ಮ."

ಅವನ ಮುಖ ಕಪ್ಪಾಯಿತು. ಸ್ಪ್ಯಾನರ್ ಮೇಲಕ್ಕೆ ಹೋಯಿತು.

ಬೀಗದ ಕೈ ಸ್ವಿಚ್ಚಿನಲ್ಲೇ ಇತ್ತು. ತಿರುಗಿಸಿದೆ. ಫಸ್ಟ್ ಗೇರ್. ಕಾರು ನೆಗೆಯಿತು. ಬಾಗಿಲು ಅವನ ಮೊಣಕೈಗೆ ಬಡಿಯಿತು, ಸ್ಪ್ಯಾನರ್ ನನ್ನ ಕಾಲ ಬುಡಕ್ಕೆ ಬಿತ್ತು.

ಅವರೆ ಮೂಟೆಗಳ ನಡುವೆ ನುಗ್ಗಿಸಿ ಶಿಡ್ಲಘಟ್ಟ ರೋಡು ಹಿಡಿದೆ. ಗೌರಿಬಿದನೂರಿಗೆ ಹೋಗಬೇಕು. ಅಕ್ಕನ ಫೈಲ್ ಇರುವುದು ಅಲ್ಲಿ.

ಮೀಟರ್ ಇರಬೇಕಾದಲ್ಲಿ ಕಪ್ಪು ತೂತು. ಕೇಬಲ್ ಮೊಣಕಾಲಿಗೆ ಹೊಡೆಯುತ್ತಿತ್ತು. ಸ್ಪೀಡು ಎಷ್ಟು, ಪೆಟ್ರೋಲ್ ಎಷ್ಟು, ಏನೂ ತಿಳಿಯದು. ಕಿವಿಯೇ ಗತಿ. ಇಂಜಿನ್ ಗೊರಗೊರ ಅಂದರೆ ಅರವತ್ತು. ಸ್ಟೀರಿಂಗ್ ನಡುಗಿದರೆ ಎಂಬತ್ತು.

ನಡುಗುತ್ತಿತ್ತು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಗಾಡಿಗಳ ಸಂದಿಯಲ್ಲಿ ಜೀಪು ಹಿಂದೆ ಕಂಡಿತು. ಚಿಕ್ಕಬಳ್ಳಾಪುರ ದಾಟಿದ ಮೇಲೆ ಹತ್ತಿರ ಬಂತು. ಮಂಚೇನಹಳ್ಳಿಯಲ್ಲಿ ಬಂಪರಿಗೆ ಗುದ್ದಿತು. ಬಯ್ಯಪ್ಪ ಓಡಿಸುತ್ತಿದ್ದ. ಪಕ್ಕದಲ್ಲಿ ಯಜಮಾನ ಕೈ ಬೀಸುತ್ತಿದ್ದ, ಇನ್ನೂ ಹೊಡಿ, ಇನ್ನೂ ಹೊಡಿ ಅಂತ.

ತೊಂಡೇಬಾವಿ ಹತ್ತಿರ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲ್ ಮುಗಿದಿತ್ತು. ಕಾರು ತನ್ನಷ್ಟಕ್ಕೆ ಉರುಳಿತು. ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹರಡಿದ್ದರು. ಹೋಗಿ ಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸಿಕೊಡಲಿ ಅಂತ. ಕಾರು ಸರಿಯಾಗಿ ಅದರ ನಡುವೆ ಹೋಗಿ ನಿಂತಿತು.

"ಅಯ್ಯೋ, ಓಡಿಸ್ಕಂಡು ಹೋಗಪ್ಪ ಅಂತ ಹಾಕಿದ್ರೆ ಮೇಲೇ ನಿಲ್ಲಿಸ್ತಾನಲ್ಲೇ ಇವನು," ಅಂತ ಮೊರ ಹಿಡಿದ ಹೆಂಗಸೊಬ್ಬಳು ಬೈದಳು. "ಇಳಿಯೋವಾಗ ಕಾಲು ಜೋಪಾನ, ಜಾರ್ತದೆ."

ಒಂದು ತಿರುವು ಹಿಂದೆ ಉಳಿದಿದ್ದ ಜೀಪಿಗೆ ಯಾರೂ ಹೇಳಲಿಲ್ಲ. ಎಂಬತ್ತರಲ್ಲಿ ಬಂತು. ನನ್ನನ್ನು ಕಂಡು ಬಯ್ಯಪ್ಪ ಬ್ರೇಕ್ ಒತ್ತಿದ. ಒಣ ಹುರುಳಿಯ ಮೇಲೆ ಎಣ್ಣೆ ಮೇಲೆ ಜಾರಿದಂತೆ ಜಾರಿ, ಒಂದು ಸುತ್ತು ತಿರುಗಿ ಚರಂಡಿಗೆ ಒರಗಿತು.

ಮೋಹನ್‌ಬಾಬು ತೆವಳಿಕೊಂಡು ಆಚೆ ಬಂದ. ನಾನು ಸ್ಪ್ಯಾನರ್ ಹಿಡಿದು ಅವನ ತಲೆಯ ಹತ್ತಿರ ನಿಂತಿದ್ದೆ. ಅಕ್ಕನ ಚಪ್ಪಲಿ ಸಿಕ್ಕಿದ್ದು ಅಲ್ಲಿಂದ ಒಂದು ಫರ್ಲಾಂಗು ದೂರದಲ್ಲಿ.

"ಎಷ್ಟು ಬೇಕು ಹೇಳಪ್ಪ..." ಅಂದ.

ಕೈ ಮೇಲೆತ್ತಿದೆ. ಒಂದೇ ಏಟು ಸಾಕಾಗಿತ್ತು. ಹೊಡೆದರೆ ಅವನು ಗಾಯಾಳು, ನಾನು ಕೊಲೆಗಾರ, ಅಕ್ಕ ಬರೀ ಹಳೇ ಫೈಲು... ಐದು ವರ್ಷ ಕಾದದ್ದು ಇಷ್ಟಕ್ಕಾ?

"ಏನಪ್ಪ ಇದು, ಹಗಲೊತ್ತಲ್ಲಿ?" ಮೊರದ ಹೆಂಗಸು ನಮ್ಮಿಬ್ಬರ ನಡುವೆ ಬಂದಳು.

"ತನುಜ ಮೇಷ್ಟ್ರಮ್ಮನ್ನ ಹೊಡೆದ ಕಾರು ಇದೇ ಅಮ್ಮ. ಹೊಡೆದವನು ಇವನೇ. ನಾನು ತಮ್ಮ."

ಆಂಜಿನಮ್ಮ ಅಂತ ಅವಳ ಹೆಸರು. ಮೊರ ಕೆಳಗಿಟ್ಟಳು.

"ನನ್ನ ಮಗಳಿಗೆ ಅಕ್ಷರ ಕಲಿಸಿದ ತಾಯಿ ಅವಳು. ಏ ಕದಿರಮ್ಮ, ಎಲ್ರನ್ನೂ ಕರಿಯೇ. ಇವನು ಏಳ್ಬಾರದು."

ಹನ್ನೊಂದು ಹೆಂಗಸರು ಸುತ್ತ ಕೂತರು. ಮೋಹನ್‌ಬಾಬು ಏಳಲಿಲ್ಲ.

ಗೌರಿಬಿದನೂರು ಸ್ಟೇಷನ್ನಿಗೆ ನಾನೇ ಫೋನ್ ಮಾಡಿದೆ. ಸರ್ಕಲ್ ಇನ್ಸ್‌ಪೆಕ್ಟರ್ ಶ್ರೀವಿದ್ಯಾ ಬಂದು ಡಯಲ್ ಹಿಂದಿನದನ್ನು ಎರಡು ಸಲ ಓದಿದರು.

"ಇದು ನಿನ್ನ ಅಕ್ಷರಾನಾ?"

"ನನ್ನದೇ ಮೇಡಂ."

"ಸಾಕ್ಷಿ ನಾಶದಲ್ಲಿ ನಿನ್ನ ಹೆಸರೂ ಬರುತ್ತೆ. ಗೊತ್ತಾ?"

"ಬರ್ಕೊಳಿ."

ಬಯ್ಯಪ್ಪ ಹಣೆಯ ರಕ್ತ ಒರೆಸಿಕೊಳ್ಳುತ್ತ ಮುಂದೆ ಬಂದ. "ಅವತ್ತು ಕಾರು ಓಡಿಸ್ತಿದ್ದೋರು ಯಜಮಾನ್ರೇ. ಮೀಟರ್ ಬಿಚ್ಕೊಟ್ಟು ಕಳಿಸಿದ್ದೂ ಅವರೇ, ತಗೊಂಡೋದೋನು ನಾನು. ನಂದೂ ಬರ್ಕೊಳಮ್ಮ."

ಸಂಜೆ ನಮ್ಮನ್ನು ಒಂದೇ ವ್ಯಾನಿನಲ್ಲಿ ಕೂರಿಸಿದರು. ಎದುರಿಗೆ ಮೋಹನ್‌ಬಾಬು.

"ನೀನೂ ಮುಳುಗಿದೆಯಲ್ಲೋ ದಡ್ಡ," ಅಂದ. "ಎಷ್ಟು ವರ್ಷ ಒಳಗಿರ್ತೀಯೋ?"

"ಎಷ್ಟಾದ್ರೂ ನಿಮಗಿಂತ ಕಮ್ಮೀನೇ ಸಾರ್. ನೀವು ಆಚೆ ಬರೋ ದಿನ ಗೇಟ್ ಹತ್ರ ನಿಂತಿರ್ತೀನಿ."